ಕಂಸನಾ, ಅಶ್ವತ್ಥಾಮನಾ? ಚಟ್ನಿ ಪಕ್ಕಕ್ಕಾ, ಮೇಲಕ್ಕಾ?

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧ ಖಳನಾಯಕರ ಬಗ್ಗೆ. ಇನ್ನರ್ಧ ಚಟ್ನಿ, ಹಾಲು, ಸೀರೆ ಬಣ್ಣ, ಕಾಂಪೌಂಡ್ ಗೋಡೆ. ಎರಡನ್ನೂ ಬೇರೆ ಬೇರೆ ಪುಟಕ್ಕೆ ಹಾಕಬಹುದಿತ್ತು. ಹಾಕಲಿಲ್ಲ. ನಮ್ಮ ಪುರಾಣದ ದೊಡ್ಡ ಹಗೆಗಳಲ್ಲಿ ಎಷ್ಟೋ ಒಂದು ಲೋಟ ಹಾಲು, ಒಂದು ಹೊತ್ತಿನ ಊಟ, ಒಂದು ಕುದುರೆ ಬಾಲ ಇಂಥವುಗಳಿಂದಲೇ ಶುರುವಾಗಿವೆ. ಸಣ್ಣ ವಿಷಯಕ್ಕೆ ಯಾಕೆ ಇಷ್ಟು ವಾದ ಅಂತ ಮನೆಯಲ್ಲಿ ಬೈದರೆ ಈ ಪುಟ ತೋರಿಸಿ.

ಟೀ ಅಂಗಡಿ ಗೆಳೆಯರು, ಗುಬ್ಬಿ

ಮೇಷ್ಟ್ರೇ, ಸಂಜೆ ನಾವು ನಾಲ್ಕು ಜನ ಸೇರಿದರೆ ಇದೇ ಮಾತು. ಕಥೆಗಳಲ್ಲಿ ಬರುವ ಖಳರಲ್ಲಿ ಎಲ್ಲರಿಗಿಂತ ಕ್ರೂರಿ ಯಾರು? ಇಬ್ಬರು ಕಂಸ ಅಂತಾರೆ, ಒಬ್ಬ ಕೀಚಕ ಅಂತಾನೆ, ಇನ್ನೊಬ್ಬ ಹಿರಣ್ಯಕಶಿಪು ಅಂತ ಪಟ್ಟು ಹಿಡಿದಿದ್ದಾನೆ. ತೀರ್ಪು ನೀವೇ ಹೇಳಬೇಕು.

ಉತ್ತರ: ನನ್ನ ಓಟು ನಾಲ್ವರೂ ಹೇಳದ ಹೆಸರಿಗೆ. ಅಶ್ವತ್ಥಾಮ.

ಹಿರಣ್ಯಕಶಿಪು ಹೆತ್ತ ಮಗನನ್ನೇ ಬೆಂಕಿಗೆ ಹಾಕಿಸಿದ, ಆನೆ ಕಾಲಿಗೆ ಹಾಕಿಸಿದ, ನಿಜ. ಆದರೆ ಅವನ ಸಿಟ್ಟಿಗೆ ಒಂದು ಬೇರು ಇದೆ. ಒಡಹುಟ್ಟಿದ ಹಿರಣ್ಯಾಕ್ಷ ವರಾಹನ ಕೈಯಲ್ಲಿ ಸತ್ತಿದ್ದ. ಕೊಂದವನ ಹೆಸರನ್ನೇ ಮಗ ಬೆಳಗಿಂದ ರಾತ್ರಿವರೆಗೆ ಜಪಿಸುತ್ತಿದ್ದ. ತಪ್ಪು ತಪ್ಪೇ, ಆದರೆ ಎಲ್ಲಿಂದ ಬಂತು ಅಂತ ಅರ್ಥವಾಗುತ್ತೆ. ಕಂಸ ಹುಟ್ಟಿದ ಕೂಸುಗಳನ್ನು ಒಂದಾದ ಮೇಲೊಂದು, ಆರು ಕೂಸುಗಳನ್ನು ಕೊಂದ. ತಂಗಿಯನ್ನು ಸೆರೆಯಲ್ಲಿಟ್ಟ, ಅಪ್ಪ ಉಗ್ರಸೇನನನ್ನೂ ಬಿಡಲಿಲ್ಲ. ಅದೆಲ್ಲ ಸಾವಿನ ಭಯದಿಂದ. ಕೀಚಕನದ್ದು ಅಧಿಕಾರದ ಮದ. ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದ್ದ, ರಾಜ ವಿರಾಟ ಬಾಯಿ ಬಿಡಲಿಲ್ಲ. ನನ್ನ ಕೇಳಿದರೆ ಆ ಹೊತ್ತು ಕೀಚಕನಷ್ಟೇ ಸಿಟ್ಟು ವಿರಾಟನ ಮೇಲೂ ಬರಬೇಕು.

ಅಶ್ವತ್ಥಾಮನನ್ನು ನೋಡಿ. 18 ದಿನದ ಯುದ್ಧ ಮುಗಿದಿತ್ತು. ಯಾರ ಪರವಾಗಿ ಹೋರಾಡಿದನೋ ಆ ದೊರೆ ತೊಡೆ ಮುರಿದು ಸಾಯುತ್ತಾ ಬಿದ್ದಿದ್ದ. ಗೆಲ್ಲುವುದಕ್ಕೆ ಏನೂ ಉಳಿದಿರಲಿಲ್ಲ. ಆ ರಾತ್ರಿ ಅವನು ಮಲಗಿದವರ ಬಿಡಾರಕ್ಕೆ ನುಗ್ಗಿದ. ಓಡಿಹೋಗುವವರು ತಪ್ಪಿಸಿಕೊಳ್ಳದ ಹಾಗೆ ಬಾಗಿಲಲ್ಲಿ ಕೃಪನನ್ನೂ ಕೃತವರ್ಮನನ್ನೂ ನಿಲ್ಲಿಸಿದ. ಧೃಷ್ಟದ್ಯುಮ್ನ ಆಯುಧದಿಂದಾದರೂ ಕೊಲ್ಲು ಅಂತ ಕೇಳಿಕೊಂಡ. ಅದಕ್ಕೂ ಒಪ್ಪದೆ ಕಾಲಿಂದ ತುಳಿದೇ ಕೊಂದ. ದ್ರೌಪದಿಯ ಐದು ಮಕ್ಕಳನ್ನು ಕೊಂದ. ಅಷ್ಟಕ್ಕೂ ಸಾಲದೆ ಉತ್ತರೆಯ ಹೊಟ್ಟೆಯಲ್ಲಿದ್ದ ಕೂಸಿನ ಮೇಲೆ ಅಸ್ತ್ರ ಬಿಟ್ಟ. ಕೃಷ್ಣ ಅವನಿಗೆ ಸಾವು ಕೊಡಲಿಲ್ಲ. 3000 ವರ್ಷ ಗಾಯ ಹೊತ್ತು ಒಬ್ಬನೇ ಅಲೆ ಅಂತ ಶಾಪ ಕೊಟ್ಟ. ನಿದ್ದೆ ಮಾಡುವವರ ಮೇಲೆ ಕೈ ಮಾಡುವುದಕ್ಕಿಂತ ಕೆಳಗೆ ಇನ್ನೇನಿದೆ ಹೇಳಿ.

ಕಾಲೇಜು ಹುಡುಗಿಯರು, ಚಿಕ್ಕಬಳ್ಳಾಪುರ

ನಮ್ಮ ಪಿಜಿಯ ಕಾಫಿಯಲ್ಲಿ ಹಾಲು ಎಲ್ಲಿದೆ ಅಂತ ಹುಡುಕಬೇಕು ಸಾರ್. ಸುತ್ತ ಹಳ್ಳಿಗಳಲ್ಲಿ ಮನೆಮನೆಗೂ ಸೀಮೆಹಸು ಇದೆ, ಆದರೂ ನಮಗೆ ಈ ಗತಿ. ಹಾಲಿಗೆ ನೀರು ಬೆರೆಸುವವರನ್ನು ಖಳರ ಪಟ್ಟಿಗೆ ಸೇರಿಸಬಹುದಾ? ರೂಮಿನಲ್ಲಿ ದೊಡ್ಡ ಚರ್ಚೆ.

ಉತ್ತರ: ಮೇಲಿನ ಅಶ್ವತ್ಥಾಮನ ಕಥೆ ಶುರುವಾಗುವುದೇ ಇಲ್ಲಿಂದ, ನೀರಿನಂಥ ಹಾಲಿನಿಂದ.

ಅವನು ಚಿಕ್ಕವನಿದ್ದಾಗ ಅಪ್ಪ ದ್ರೋಣನ ಮನೆಯಲ್ಲಿ ಹಸು ಇರಲಿಲ್ಲ. ಉಳ್ಳವರ ಮಕ್ಕಳು ಹಾಲು ಕುಡಿಯುವುದನ್ನು ನೋಡಿ ಹುಡುಗ ಹಟ ಹಿಡಿದ. ವ್ಯಾಸರ ಭಾರತದಲ್ಲಿ ಜೊತೆಯ ಹುಡುಗರೇ ಅಕ್ಕಿಹಿಟ್ಟು ಕಲಸಿದ ನೀರು ಕುಡಿಸಿ, ಅವನು ಹಾಲು ಕುಡಿದೆ ಅಂತ ಕುಣಿದಾಗ ಕೈ ತಟ್ಟಿ ನಕ್ಕರು. ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುವ ಕಥೆಯಲ್ಲಿ ತಾಯಿ ಕೃಪಿ ಬೇರೆ ದಾರಿ ಇಲ್ಲದೆ ಹಿಟ್ಟಿನ ನೀರು ಕೊಡುತ್ತಾಳೆ. ದ್ರೋಣ ಅದನ್ನು ತಾಳಲಾರದೆ ಬಾಲ್ಯದ ಗೆಳೆಯ ದ್ರುಪದನ ಹತ್ತಿರ ಹೋದ. ಸ್ನೇಹ ಸರಿಸಮಾನರ ನಡುವೆ ಮಾತ್ರ ಅಂತ ಅವನು ಕಳಿಸಿಬಿಟ್ಟ. ದ್ರೋಣ ಶಿಷ್ಯರ ಕೈಯಲ್ಲಿ ದ್ರುಪದನನ್ನು ಕಟ್ಟಿ ತರಿಸಿ ಅರ್ಧ ರಾಜ್ಯ ಕಿತ್ತುಕೊಂಡ. ದ್ರುಪದ ಯಜ್ಞ ಮಾಡಿ ದ್ರೋಣನನ್ನು ಕೊಲ್ಲಲಿಕ್ಕೆಂದೇ ಧೃಷ್ಟದ್ಯುಮ್ನನನ್ನು ಪಡೆದ. ಅವನು ದ್ರೋಣನ ತಲೆ ಕಡಿದ. ಅವನನ್ನು ಅಶ್ವತ್ಥಾಮ ತುಳಿದ. ಒಂದು ಲೋಟ ಹಾಲು ಹಿಡಿದು ಹೊರಟರೆ ಸೀದಾ ಆ ರಾತ್ರಿಗೆ ಬಂದು ನಿಲ್ಲುತ್ತೀರಿ.

ಹಾಗಾದರೆ ಯಾರು ಖಳರು? ಕೃಪಿ ಅಲ್ಲ. ಇಲ್ಲದ ಮನೆಯಲ್ಲಿ ಎರಡು ಲೋಟ ಹಾಲನ್ನು ನಾಲ್ಕು ಲೋಟ ಮಾಡುವ ತಾಯಿ ಖಳಳಲ್ಲ. ಇದ್ದೂ ಬೆರೆಸಿ, ಪೂರ್ತಿ ದುಡ್ಡು ತಗೊಂಡು, ಕುಡಿಯುವವರ ಮುಖ ನೋಡಿ ನಗುವವರು ಪಟ್ಟಿಗೆ ಸೇರುತ್ತಾರೆ. ಹಳ್ಳಿ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುತ್ತಾರಲ್ಲ, ನೀರು ಸೇರಿದರೆ ಹಾಲು ಹಗುರಾಗಿ ಅದು ಕೆಳಕ್ಕೆ ಮುಳುಗುತ್ತೆ. ನಿಮ್ಮ ಪಿಜಿಗೆ ಅದನ್ನು ತಗೊಂಡು ಹೋಗುವುದು ಬೇಡ. ಅರ್ಧ ಲೋಟವೇ ಕೊಡಿ ಆಂಟಿ, ಆದರೆ ಗಟ್ಟಿಯಾಗಿ ಕೊಡಿ ಅಂತ ಎಲ್ಲರೂ ಸೇರಿ ಕೇಳಿ. ಒಬ್ಬೊಬ್ಬರೇ ಕೇಳಿದರೆ ಆಗಲ್ಲ.

ನಾಟಕದ ಹುಚ್ಚಿನವರು, ತುರುವೇಕೆರೆ

ನಮ್ಮೂರ ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಕಲಿಯುತ್ತಿದ್ದೇವೆ. ದುರ್ಯೋಧನನ ಪಾತ್ರಕ್ಕೆ ಧರ್ಮರಾಯನಿಗಿಂತ ಎಷ್ಟೋ ಜಾಸ್ತಿ ಹಣ ಇಟ್ಟಿದ್ದಾರೆ, ಆದರೂ ಮೂರು ಜನ ಕಿತ್ತಾಡುತ್ತಿದ್ದಾರೆ. ಕೆಟ್ಟವನಿಗೇ ಯಾಕೆ ಇಷ್ಟು ಬೆಲೆ?

ಉತ್ತರ: ಹಣ ಕೊಟ್ಟು ಪಾತ್ರ ಹಾಕುವುದಾ, ಅದೂ ಖಳನಿಗೆ ಜಾಸ್ತಿಯಾ ಅಂತ ಹೊರಗಿನವರು ಬಾಯಿ ಬಿಡುತ್ತಾರೆ. ತುಮಕೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀನರಿ, ಡ್ರೆಸ್ಸು, ಲೈಟು, ಮೈಕು, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುವ ಹಾರ್ಮೋನಿಯಂ ಮೇಷ್ಟ್ರು, ಇಷ್ಟಕ್ಕೂ ದುಡ್ಡು ಬೇಕು, ಅದನ್ನು ಪಾತ್ರಧಾರಿಗಳೇ ಹಂಚಿಕೊಳ್ಳಬೇಕು, ಯಾರಿಗೆ ಹಾಡು ಜಾಸ್ತಿ ಸೀನು ಜಾಸ್ತಿಯೋ ಅವರು ಜಾಸ್ತಿ ಹಾಕಬೇಕು. ದುರ್ಯೋಧನನಿಗೆ ಸಿಂಹಾಸನ ಇದೆ, ಗದೆ ಇದೆ, ಮೀಸೆ ಇದೆ. ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೂ ಅವನಿಗೆ ಕೆಲಸ. ಒನ್ಸ್ ಮೋರ್ ಬೀಳುವುದು ಅವನಿಗೆ. ಧರ್ಮರಾಯ ಸಮಾಧಾನ ಹೇಳುತ್ತಾ ನಿಲ್ಲಬೇಕು.

ಲೆಕ್ಕ ಇಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ಕಂಪನಿ ಕರ್ನಾಟಕಕ್ಕೆಲ್ಲ ನಾಟಕದ ರುಚಿ ಹತ್ತಿಸಿತು. ಗುಬ್ಬಿ ವೀರಣ್ಣನವರ ಕಾಲದಲ್ಲಿ ಅವರ ಕುರುಕ್ಷೇತ್ರದ ರಂಗಕ್ಕೆ ನಿಜವಾದ ಆನೆ ಕುದುರೆಗಳೇ ಬರುತ್ತಿದ್ದವು. ಆ ರುಚಿ ಇನ್ನೂ ಇಳಿದಿಲ್ಲ. ಅದಕ್ಕಿಂತ ಹಿಂದೆ ಹೋದರೆ ಕವಿ ರನ್ನ ಇದ್ದಾನೆ. ಸಾವಿರ ವರ್ಷದ ಹಿಂದೆ ಅವನು ಗದಾಯುದ್ಧ ಕಾವ್ಯ ಬರೆದದ್ದು ಭೀಮನನ್ನು ಹೊಗಳಲಿಕ್ಕೆ. ಆದರೆ ಓದಿದವರ ಮನಸ್ಸಿನಲ್ಲಿ ಉಳಿದವನು ದುರ್ಯೋಧನ. ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುವವನು, ಕರ್ಣನ ಶವದ ಮುಂದೆ ನಿಂತು ಅಳುವವನು, ಕೊಳದ ನೀರಿನಲ್ಲಿ ಮುಳುಗಿದ್ದರೂ ಭೀಮನ ಕೂಗಿಗೆ ಬೆವರುವವನು. ಕನ್ನಡ ಮೇಷ್ಟ್ರು ಆ ಪದ್ಯ ಪಾಠ ಮಾಡಿದ ದಿನ ಕ್ಲಾಸಿನಲ್ಲಿ ಭೀಮನ ಕಡೆ ಯಾರೂ ಇರುವುದಿಲ್ಲ. ಕೊನೆಗೆ ಗದಾಯುದ್ಧದ ನಿಯಮ ಮೀರಿ ತೊಡೆಗೆ ಹೊಡೆದವನು ಭೀಮ. ಬಲರಾಮ ಸಿಟ್ಟಾಗಿದ್ದು ಸುಮ್ನೆ ಅಲ್ಲ. ಕೇರಳದ ಕೊಲ್ಲಂ ಜಿಲ್ಲೆಯ ಪೊರುವಳಿಯಲ್ಲಿ ದುರ್ಯೋಧನನಿಗೇ ಪೂಜೆ ನಡೆಯುವ ದೇವಸ್ಥಾನ ಇದೆ. ಅಲ್ಲಿ ವಿಗ್ರಹ ಇಲ್ಲ, ಬರೀ ಕಟ್ಟೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. ದ್ರೌಪದಿಯ ಸೀರೆ ಸೆಳೆಯುವ ಸೀನು ಇರುವ ನಾಟಕಗಳಲ್ಲಿ, ಆ ಹೊತ್ತಿಗೆ ಕೆಲವರು ಶಿಳ್ಳೆ ಹೊಡೆಯುತ್ತಾರೆ. ಅದು ನನಗೆ ಸ್ವಲ್ಪವೂ ಸೇರುವುದಿಲ್ಲ. ದುರ್ಯೋಧನನ ಛಲಕ್ಕೆ ಚಪ್ಪಾಳೆ ಹೊಡೆಯಿರಿ, ಅವನ ಅಳುವಿಗೆ ಅಳಿರಿ, ಅಲ್ಲಿ ಮಾತ್ರ ಕೈ ಕಟ್ಟಿ ಕೂತಿರಿ. ಪಾತ್ರ ಯಾರಿಗೆ ಅಂತ ಕೇಳಿದರೆ, ಹಣ ಜಾಸ್ತಿ ಕೂಗಿದವರಿಗಲ್ಲ, ಕಂದಪದ್ಯವನ್ನು ಉಸಿರು ಕಟ್ಟದೆ ಎಳೆಯುವವರಿಗೆ ಕೊಡಿ.

ಐದನೇ ಕ್ಲಾಸ್ ಹುಡುಗ, ಶಿರಾ

ರಾವಣ ಯಾವ ಬಾಯಲ್ಲಿ ಊಟ ಮಾಡ್ತಾನೆ? ಹತ್ತು ಬಾಯಿಗೂ ಬೆಳಿಗ್ಗೆ ಬ್ರಶ್ ಮಾಡಬೇಕಾ?

ಉತ್ತರ: ಒಳ್ಳೆ ಪ್ರಶ್ನೆ ಪುಟ್ಟ. ಹತ್ತು ಬಾಯಿ ಇದ್ದರೂ ಹೊಟ್ಟೆ ಒಂದೇ, ಹಾಗಾಗಿ ಒಂದು ಬಾಯಲ್ಲಿ ತಿಂದರೆ ಸಾಕು. ಬ್ರಶ್ ಮಾತ್ರ ಹತ್ತಕ್ಕೂ ಮಾಡಬೇಕು. ಇಪ್ಪತ್ತು ಕೈ ಇರುವುದರಿಂದ ಬೇಗ ಆಗುತ್ತೆ.

ಇನ್ನೊಂದು ವಿಷಯ ಗೊತ್ತಾ? ಹನುಮಂತ ಲಂಕೆಗೆ ಹೋಗಿ ರಾತ್ರಿ ರಾವಣ ಮಲಗಿರುವುದನ್ನು ನೋಡುತ್ತಾನಲ್ಲ, ಅಲ್ಲಿ ವಾಲ್ಮೀಕಿ ಅವನಿಗೆ ಎರಡೇ ತೋಳು ಅಂತ ವರ್ಣನೆ ಮಾಡಿದ್ದಾರೆ. ಅಂದರೆ ಹತ್ತು ತಲೆ ಇಪ್ಪತ್ತು ತೋಳು ಅವನು ಬೇಕಾದಾಗ ತಂದುಕೊಳ್ಳುವುದು ಅಂತ ದೊಡ್ಡವರು ಹೇಳುತ್ತಾರೆ. ಮಗ್ಗುಲು ಬದಲಿಸಲಿಕ್ಕೆ ಹತ್ತು ತಲೆ ಕಷ್ಟ ಅಲ್ವಾ? ತಪಸ್ಸು ಮಾಡುವಾಗ ಒಂಬತ್ತು ತಲೆ ಕಡಿದು ಬೆಂಕಿಗೆ ಹಾಕಿದ್ದ. ಹತ್ತನೆಯದಕ್ಕೆ ಕತ್ತಿ ಎತ್ತಿದಾಗ ಬ್ರಹ್ಮ ಬಂದು, ಎಲ್ಲ ತಲೆಗಳನ್ನೂ ವಾಪಸ್ ಕೊಟ್ಟ.

ಇಬ್ಬರು ಮಕ್ಕಳ ತಾಯಿ, ಕೋಲಾರ

ನಮ್ಮ ಮಕ್ಕಳಿಗೆ ದಿನಾ ಇದೇ ಆಟ. ಇಂಗ್ಲಿಷ್ ಸಿನಿಮಾದ ಖಳ ಥಾನೋಸ್ ಗೆಲ್ತಾನಾ, ಹೀರೋ ಹಲ್ಕ್ ಗೆಲ್ತಾನಾ ಅಂತ. ಊಟದ ತಟ್ಟೆ ಮುಂದೆ ಇಟ್ಟುಕೊಂಡು ಕಿರುಚಾಡ್ತಾರೆ. ನಮ್ಮ ಕೋಲಾರದ ಕಡೆಯಿಂದ ಯಾರನ್ನಾದರೂ ಕಣಕ್ಕೆ ಇಳಿಸಬಹುದಾ?

ಉತ್ತರ: ಇಳಿಸಿ ತಾಯಿ. ಕಾರ್ತವೀರ್ಯಾರ್ಜುನ. ಸಾವಿರ ತೋಳಿನವನು.

ಅಂತರಗಂಗೆಯ ಬೆಟ್ಟ ಇದೆಯಲ್ಲ, ಶತಶೃಂಗ ಪರ್ವತ. ಪರಶುರಾಮ ಇವನನ್ನು ಕೊಂದದ್ದು ಆ ಬೆಟ್ಟದ ಮೇಲೇ ಅಂತ ನಿಮ್ಮೂರ ಸ್ಥಳಪುರಾಣ. ಮಕ್ಕಳನ್ನು ಭಾನುವಾರ ಮೆಟ್ಟಿಲು ಹತ್ತಿಸಿ, ಬಸವನ ಬಾಯಿಂದ ಬೀಳುವ ನೀರಿನ ಹತ್ತಿರ ಕೂರಿಸಿ ಈ ಕಥೆ ಹೇಳಿ. ಇವನು ಮತ್ತು ರಾವಣ ಸೆಣಸಿದರೆ ಯಾರು ಗೆಲ್ಲುತ್ತಾರೆ ಅಂತ ಮೊದಲು ಮಕ್ಕಳನ್ನೇ ಕೇಳಿ. ರಾವಣ ಅಂತಾರೆ. ಉತ್ತರಕಾಂಡದಲ್ಲಿ ಈ ಪಂದ್ಯ ನಡೆದೇ ಹೋಗಿದೆ. ಕಾರ್ತವೀರ್ಯ ನರ್ಮದೆಯಲ್ಲಿ ಸ್ನಾನಕ್ಕೆ ಇಳಿದು ಸಾವಿರ ತೋಳಿನಲ್ಲಿ ನದಿಯನ್ನೇ ತಡೆದ. ನೀರು ಹಿಂದಕ್ಕೆ ನುಗ್ಗಿ ಮೇಲ್ಗಡೆ ದಡದಲ್ಲಿ ರಾವಣ ಶಿವನಿಗಿಟ್ಟ ಪೂಜೆಯ ಹೂವೆಲ್ಲ ಕೊಚ್ಚಿಹೋಯಿತು. ರಾವಣ ಜಗಳಕ್ಕೆ ಹೋದ. ಕಾರ್ತವೀರ್ಯ ಅವನನ್ನು ಹಿಡಿದು ಕಟ್ಟಿ ಊರಿಗೆ ಒಯ್ದ. ಕೊನೆಗೆ ಅಜ್ಜ ಪುಲಸ್ತ್ಯ ಬಂದು ಕೇಳಿಕೊಂಡು ಮೊಮ್ಮಗನನ್ನು ಬಿಡಿಸಿಕೊಂಡು ಹೋಗಬೇಕಾಯಿತು.

ಇಷ್ಟು ಬಲ ಇದ್ದವನು ಹಾಳಾದದ್ದು ಒಂದು ಊಟದಿಂದ. ಜಮದಗ್ನಿಯ ಆಶ್ರಮಕ್ಕೆ ಸೈನ್ಯ ಸಮೇತ ಹೋದ. ಅವರು ಕಾಮಧೇನುವಿನ ದಯದಿಂದ ಅಷ್ಟು ಜನಕ್ಕೂ ಹೊಟ್ಟೆ ತುಂಬ ಬಡಿಸಿದರು. ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ಇವನು ಜಂತೆ ಎಣಿಸಿದ್ದಲ್ಲದೆ ಹಸುವನ್ನೇ ಎಳೆದುಕೊಂಡು ಹೋದ. ಥಾನೋಸ್ ಚಿಟಿಕೆ ಹೊಡೆದು ಅರ್ಧ ಲೋಕ ಅಳಿಸಿದ, ಅದು ದೊಡ್ಡ ಪಾಪವೇ. ಆದರೆ ಅವನು ಆ ಅರ್ಧ ಲೋಕದವರ ಮನೆಯಲ್ಲಿ ಉಂಡಿರಲಿಲ್ಲ. ನನಗೆ ಕಾರ್ತವೀರ್ಯನ ಮೇಲೆ ಜಾಸ್ತಿ ಸಿಟ್ಟು.

ಗಂಡ ಹೆಂಡತಿ, ಮುಳಬಾಗಿಲು

ನಮ್ಮದು ಗಡಿ ಊರು. ನಮ್ಮವರದ್ದು ಕನ್ನಡ, ನನ್ನ ತವರಿನದ್ದು ತೆಲುಗು. ರಾವಣ ಅಂದರೆ ಎನ್.ಟಿ.ಆರ್. ಅಂತ ನಾನು, ರಾಜ್‌ಕುಮಾರ್ ಅಂತ ಅವರು.

ಉತ್ತರ: 1958ರಲ್ಲಿ ಭೂಕೈಲಾಸದ ಕಥೆ ಒಂದೇ ಬ್ಯಾನರಿನಿಂದ, ಒಬ್ಬರೇ ನಿರ್ದೇಶಕ ಕೆ. ಶಂಕರ್ ಕೈಯಲ್ಲಿ, ಎರಡೂ ಭಾಷೆಯಲ್ಲಿ ಬಂತು. ತೆಲುಗಿನಲ್ಲಿ ಎನ್.ಟಿ.ಆರ್., ಕನ್ನಡದಲ್ಲಿ ರಾಜ್‌ಕುಮಾರ್. ಆ ರಾವಣ ಖಳನೇ ಅಲ್ಲ, ತಾಯಿಗೋಸ್ಕರ ಆತ್ಮಲಿಂಗ ತರಲು ಹೋದ ಮಗ. ದರ್ಬಾರಿನಲ್ಲಿ ಕೂರುವ ಗತ್ತಿಗೆ ಎನ್.ಟಿ.ಆರ್., ಶಿವನ ಮುಂದೆ ಕರಗುವುದಕ್ಕೆ ರಾಜ್‌ಕುಮಾರ್. ಕಥೆಗೆ ಬೇಕಾದದ್ದು ಕರಗುವುದು. ಹಾಗಾಗಿ ಈ ಸಲ ನಿಮ್ಮ ಯಜಮಾನರ ಕಡೆ.

ಕೂಡುಕುಟುಂಬದ ಸೊಸೆ, ಚಿಂತಾಮಣಿ

ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು ಮಾಡಿದ್ದೆ. ದೂರದ ಸಂಬಂಧಿ ಒಬ್ಬರು ಬಂದು, ಇನ್ನೂ ನಾಲ್ಕು ಜನ ಊಟ ಮಾಡಬೇಕು ಅಂತ ಗೊತ್ತಿದ್ದೂ, ಸೌಟು ತಗೊಂಡು ತಳದ ಬೇಳೆಯೆಲ್ಲ ಬಾಚಿ ಹಾಕಿಕೊಂಡರು. ಉಳಿದವರಿಗೆ ಬರೀ ತಿಳಿ. ನಮ್ಮ ಕೈವಾರದ ಬಕಾಸುರ ವಾಸಿ ಅಲ್ವಾ?

ಉತ್ತರ: ವಾಸಿ ಅಮ್ಮ. ಸುಮ್ನೆ ನಿಮ್ಮನ್ನು ಸಮಾಧಾನ ಮಾಡಲಿಕ್ಕೆ ಹೇಳುತ್ತಿಲ್ಲ, ಕಾರಣ ಕೊಡುತ್ತೇನೆ.

ಕೈವಾರವೇ ಏಕಚಕ್ರಪುರ, ಭೀಮ ಬಕನನ್ನು ಕೊಂದ ಜಾಗ ಅಂತ ನಿಮ್ಮ ಕಡೆ ನಂಬಿಕೆ. ಭೀಮಲಿಂಗೇಶ್ವರನ ಗುಡಿಯೂ ಇದೆ. ಮಹಾಭಾರತದಲ್ಲಿ ಪಾಂಡವರಿಗೆ ಜಾಗ ಕೊಟ್ಟ ಬ್ರಾಹ್ಮಣ ಹೇಳುವ ಮಾತನ್ನು ಗಮನವಿಟ್ಟು ಓದಬೇಕು. ಆ ಸೀಮೆಯ ರಾಜ ಕೈಲಾಗದವನು. ಬೇರೆ ಶತ್ರುಗಳಿಂದ ಊರು ಕಾಯುತ್ತಿದ್ದವನು ಬಕನೇ. ಅದಕ್ಕೆ ಅವನ ಕೂಲಿ ಒಂದು ಗಾಡಿ ಅನ್ನ, ಎರಡು ಕೋಣ, ಅದನ್ನು ತಂದ ಮನುಷ್ಯ. ಮನೆ ಮನೆಗೆ ಸರದಿ. ಭಯಂಕರವಾದ ವ್ಯವಸ್ಥೆ, ಒಪ್ಪಿದೆ. ಆದರೆ ಇವತ್ತು ಯಾವ ಮನೆ ಅಂತ ಎಲ್ಲರಿಗೂ ಗೊತ್ತಿತ್ತು. ಅವನು ನೆಂಟ ಅಂತ ಹೇಳಿಕೊಂಡು ಅಡುಗೆಮನೆಗೆ ಬರಲಿಲ್ಲ. ಇನ್ನೂ ಒಂದು ವಿಷಯ. ಕೊನೆಯ ದಿನ ಗಾಡಿ ಅನ್ನ ಅವನಿಗೆ ಸಿಗಲೇ ಇಲ್ಲ. ಅವನ ಕಣ್ಣೆದುರೇ ಭೀಮ ಕೂತು ಉಂಡ. ಬೆನ್ನಿಗೆ ಗುದ್ದು ಬೀಳುತ್ತಿದ್ದರೂ ತಿರುಗಿ ನೋಡದೆ ಊಟ ಮುಗಿಸಿ, ಕೈ ತೊಳೆದು, ಆಮೇಲೆ ಎದ್ದ.

ಈಗ ನಿಮ್ಮ ಸಾರಿಗೆ ಬರೋಣ. ಹಿತಕಿದ ಬೇಳೆ ಏನು ಅಂತ ತಿಂದವರಿಗೆಲ್ಲ ಗೊತ್ತು, ಮಾಡಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಸೊಗಡಿರುವ ಕಾಯಿ ಆರಿಸಿ ತರಬೇಕು, ಸುಲಿಯಬೇಕು, ಹುಳ ನೋಡಬೇಕು, ರಾತ್ರಿ ನೀರಿಗೆ ಹಾಕಬೇಕು, ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಹಿತುಕಬೇಕು. ಒಂದು ಬುಟ್ಟಿ ಕಾಯಿಗೆ ಒಂದು ಪಾತ್ರೆ ಬೇಳೆಯೂ ಆಗುವುದಿಲ್ಲ. ಉಗುರು ಸಂದಿ ಉರಿಯುತ್ತಿರುತ್ತೆ. ಆ ಬೇಳೆಯಲ್ಲಿ ಮನೆಯ ಹೆಂಗಸರ ಅರ್ಧ ದಿನ ಇದೆ. ಬಕ ತಿಂದದ್ದು ಒಂದು ಗಾಡಿ, ಇವರು ತಿಂದದ್ದು ನಾಲ್ಕು ಸೌಟು. ಆದರೂ ಬಕ ವಾಸಿ.

ಮುಂದಿನ ಸಲ ಅವರು ಬಂದರೆ ಕಾಯಿ ಮತ್ತು ಮೊರ ಮುಂದಿಟ್ಟು, ಬನ್ನಿ, ಮಾತಾಡುತ್ತಾ ಹಿತುಕೋಣ ಅನ್ನಿ. ಒಂದು ಗಂಟೆ ಹಿತುಕಿದವರ ಸೌಟು ತಾನಾಗೇ ಮೇಲಿಂದ ತಿಳಿ ತಗೊಳ್ಳುತ್ತೆ.

ನಿವೃತ್ತ ನೌಕರರು, ಗೌರಿಬಿದನೂರು

ಪಕ್ಕದ ಮನೆಯವರು ಕಾಂಪೌಂಡ್ ಹಾಕುವಾಗ ಅರ್ಧ ಅಡಿ ನಮ್ಮ ಕಡೆ ಬಂದಿದ್ದಾರೆ. ಮಕ್ಕಳು, ಹೋಗಲಿ ಬಿಡಿ ಅಪ್ಪ, ಅರ್ಧ ಅಡಿಗೆ ಯಾಕೆ ಅಂತಾರೆ. ಬಿಡಬೇಕಾ?

ಉತ್ತರ: ಪಾಂಡವರು ಕೊನೆಗೆ ಕೇಳಿದ್ದು ಐದು ಹಳ್ಳಿ. ಸೂಜಿಮೊನೆ ಊರುವಷ್ಟು ಜಾಗವನ್ನೂ ಕೊಡಲ್ಲ ಅಂತ ದುರ್ಯೋಧನ. ಆ ಸೂಜಿಮೊನೆಗೆ 18 ಅಕ್ಷೋಹಿಣಿ ಸೈನ್ಯ ಮಣ್ಣಾಯಿತು. ಹಾಗಾಗಿ ಅರ್ಧ ಅಡಿ ಸಣ್ಣದು ಅಂತ ನಾನು ಹೇಳಲಾರೆ.

ಆದರೆ ನಿಮ್ಮ ಊರಿನ ಹತ್ತಿರವೇ ವಿದುರಾಶ್ವತ್ಥ ಇದೆ. ಅಲ್ಲಿದ್ದ ಅಶ್ವತ್ಥದ ಮರವನ್ನು ವಿದುರ ನೆಟ್ಟದ್ದು ಅಂತ ಪ್ರತೀತಿ. 2001ರಲ್ಲಿ ಮರ ಬಿತ್ತು, ಹೆಸರು ಉಳಿದಿದೆ. ಆ ವಿದುರ ಏನು ಮಾಡಿದ? ಜಗಳದ ಮೊದಲೇ, ಎದುರಿಗೇ, ಮುಖಕ್ಕೆ ಹೊಡೆದಂತೆ ಹೇಳಿದ. ಕುಮಾರವ್ಯಾಸನಲ್ಲಿ, ತುಂಬಿದ ಸಭೆಯಲ್ಲಿ ದುರ್ಯೋಧನ ಹೀಯಾಳಿಸಿದಾಗ ತನ್ನ ಬಿಲ್ಲನ್ನೇ ಮುರಿದು ಹಾಕಿದ, ಯುದ್ಧಕ್ಕೆ ನಾನಿಲ್ಲ ಅಂತ. ನೀವೂ ಮೊದಲು ನೇರವಾಗಿ ಹೋಗಿ ಹೇಳಿ. ಸರ್ವೆಯವರನ್ನು ಕರೆಸಿ ಇಬ್ಬರೂ ನಿಂತು ಅಳತೆ ಹಿಡಿಸಿ. ಅಳತೆ ನಿಮ್ಮ ಕಡೆ ಬಂದರೆ ಗೋಡೆ ಸರಿಸಲಿ. ಬಾರದಿದ್ದರೆ ಅವತ್ತೇ ಅವರ ಮನೆಯಲ್ಲಿ ಕಾಫಿ ಕುಡಿದು ಬನ್ನಿ. ಒಳಗೇ ಇಟ್ಟುಕೊಂಡು ಕುದಿಯುವುದು ಮಾತ್ರ ಬೇಡ.

ಅಕ್ಕ ತಂಗಿ, ಮಧುಗಿರಿ

ಮದುವೆಗೆ ತೆಗೆದ ಸೀರೆ ಹಸಿರು ಅಂತ ನಾನು, ನೀಲಿ ಅಂತ ಅಕ್ಕ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಪಾರ್ಟಿ ಆಗಿದೆ. ಸೋತವರು ಒಂದು ವಾರ ಗೆದ್ದವರ ಮನೆ ಪಾತ್ರೆ ತೊಳೆಯಬೇಕು ಅಂತ ಪಣ.

ಉತ್ತರ: ಪಣ ಮಾತ್ರ ಈಗಲೇ ವಾಪಸ್ ತಗೊಳ್ಳಿ. ಕದ್ರು ಮತ್ತು ವಿನತೆ ಕೂಡ ಅಕ್ಕ ತಂಗಿಯರೇ. ಉಚ್ಚೈಶ್ರವಸ್ಸು ಅನ್ನೋ ಬಿಳಿ ಕುದುರೆಯ ಬಾಲ ಯಾವ ಬಣ್ಣ ಅಂತ ವಾದ ಬಂತು. ಬಿಳಿ ಅಂದಳು ವಿನತೆ, ಕಪ್ಪು ಅಂದಳು ಕದ್ರು. ಸೋತವಳು ಗೆದ್ದವಳಿಗೆ ದಾಸಿ. ಕದ್ರುಗೆ ತಾನು ಸೋಲುತ್ತೇನೆ ಅಂತ ಗೊತ್ತಾದ ತಕ್ಷಣ ತನ್ನ ಹಾವಿನ ಮಕ್ಕಳಿಗೆ, ಹೋಗಿ ಬಾಲಕ್ಕೆ ಸುತ್ತಿಕೊಳ್ಳಿ ಅಂದಳು. ಒಪ್ಪದ ಮಕ್ಕಳಿಗೆ, ಬೆಂಕಿಯಲ್ಲಿ ಬಿದ್ದು ಸಾಯಿರಿ ಅಂತ ಶಾಪ ಕೊಟ್ಟಳು. ಜನಮೇಜಯನ ಸರ್ಪಯಾಗದಲ್ಲಿ ಅದು ನಿಜವಾಯಿತು. ವಿನತೆ ದಾಸಿಯಾದಳು. ಗರುಡ ಅಮೃತ ತಂದು ತಾಯಿಯನ್ನು ಬಿಡಿಸಬೇಕಾಯಿತು. ನನ್ನ ಲೆಕ್ಕದಲ್ಲಿ ಕದ್ರು ದೊಡ್ಡ ಖಳಳು, ಆದರೆ ನಮ್ಮ ಯಾವ ಪಟ್ಟಿಯಲ್ಲೂ ಅವಳ ಹೆಸರು ಬರುವುದಿಲ್ಲ. ವಾದದಲ್ಲಿ ಸೋಲಬಾರದು ಅಂತ ಹೆತ್ತ ಮಕ್ಕಳನ್ನೇ ಉರಿಗೆ ದೂಡಿದವಳು.

ಸೀರೆಯನ್ನು ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಬೆಳಿಗ್ಗೆ ಬಿಸಿಲಿಗೆ ಹಿಡಿಯಿರಿ. ರೇಷ್ಮೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇದ್ದರೆ ಒಂದು ಮಗ್ಗುಲಿಂದ ಹಸಿರು, ಇನ್ನೊಂದು ಮಗ್ಗುಲಿಂದ ನೀಲಿ ಕಾಣುತ್ತೆ. ನಿಮ್ಮದೂ ಅದೇ ಇರಬಹುದು. ಹಾಗಿದ್ದರೆ ಇಬ್ಬರೂ ಗೆದ್ದಿರಿ, ಪಾತ್ರೆ ಗಂಡಸರು ತೊಳೆಯಲಿ.

ಬಸ್ ಕಂಡಕ್ಟರ್, ತುಮಕೂರು

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಚಟ್ನಿ ಪಕ್ಕಕ್ಕಾ, ಮೇಲಕ್ಕಾ? ಒಂದೇ ಮಾತಲ್ಲಿ ಹೇಳಿ, ಬಸ್ ಹೊರಡುತ್ತೆ.

ಉತ್ತರ: ಪಕ್ಕಕ್ಕೆ. ಮೇಲೆ ಸುರಿದರೆ ಬೆಣ್ಣೆ ಕರಗಿದ ಜಾಗವೇ ಸಿಗಲ್ಲ.

ಮೊಮ್ಮಗಳು, ಕೊರಟಗೆರೆ

ಅಜ್ಜಿ ಸೀರಿಯಲ್ ನೋಡುತ್ತಾ ಅತ್ತೆ ಪಾತ್ರದವರಿಗೆ ನಿಜವಾಗಿ ಶಾಪ ಹಾಕುತ್ತೆ. ಅದು ನಟನೆ ಅಜ್ಜಿ ಅಂದರೆ ನನ್ನ ಮೇಲೇ ಸಿಟ್ಟು. ಹೇಗೆ ತಿಳಿಸಿ ಹೇಳೋದು?

ಉತ್ತರ: ತಿಳಿಸಿ ಹೇಳಬೇಡ ಕಂದ. ಅಜ್ಜಿಗೆ ಅದು ನಟನೆ ಅಂತ ಗೊತ್ತು. ಶಾಪ ಹಾಕುವುದು ಆ ಹೆಂಗಸಿಗಲ್ಲ, ಅಂಥ ನಡತೆಗೆ. 1969ರಿಂದ ತೆರೆ ಮೇಲೆ ಕಾಣಿಸಿಕೊಂಡ ವಜ್ರಮುನಿಯವರನ್ನು ನೋಡಿ ನಿಮ್ಮ ಅಜ್ಜಿಯ ಕಾಲದವರು ಥಿಯೇಟರಿನಲ್ಲಿ ಹಲ್ಲು ಕಡಿಯುತ್ತಿದ್ದರು. ನಟ ಭಯಂಕರ ಅಂತ ಕರೆದದ್ದೂ ಅದೇ ಜನ, ಪ್ರೀತಿಯಿಂದ. ಖಳನ ಪಾತ್ರ ಮಾಡುವವರಿಗೆ ಬೈಗುಳವೇ ಸಂಭಾವನೆ.

ನಿಮ್ಮ ಪಕ್ಕದ ಶಿರಾ ತಾಲ್ಲೂಕಿನ ತರೂರಿನವರು ನಿರ್ದೇಶಕ ಸಿದ್ದಲಿಂಗಯ್ಯ. ಗೊರೂರರ ಕಥೆ ಇಟ್ಟುಕೊಂಡು 1974ರಲ್ಲಿ ಅವರು ತೆಗೆದ ಭೂತಯ್ಯನ ಮಗ ಅಯ್ಯು ಸಿನಿಮಾವನ್ನು ಅಜ್ಜಿ ಜೊತೆ ಕೂತು ನೋಡು. ಎಂ.ಪಿ. ಶಂಕರ್ ಮಾಡಿದ ಭೂತಯ್ಯ ನಮ್ಮ ಬಯಲುಸೀಮೆಯ ಖಳ. ಅವನಿಗೆ ಸಾವಿರ ತೋಳು ಇಲ್ಲ, ಅಸ್ತ್ರ ಇಲ್ಲ. ಸಾಲದ ಪತ್ರ ಇದೆ. ಊರನ್ನೆಲ್ಲ ಹಿಂಡಿದವನು ಸತ್ತಾಗ ಊರು ಅವನ ಮನೆ ಕಡೆ ತಿರುಗಿ ನೋಡುವುದಿಲ್ಲ. ಅದನ್ನು ಕಂಡ ಮಗ ಬೇರೆ ಮನುಷ್ಯನಾಗುತ್ತಾನೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಅಲ್ಲಿ ಎದೆ ಹಿಂಡುತ್ತೆ. ಅದೇ ಸಿನಿಮಾದಲ್ಲಿ ಲೋಕನಾಥ್ ಅವರು ಉಪ್ಪಿನಕಾಯಿ ತಿನ್ನುವ ಸೀನೂ ಇದೆ. ಅದಾದ ಮೇಲೆ ಅವರ ಹೆಸರಿನ ಜೊತೆ ಉಪ್ಪಿನಕಾಯಿ ಸೇರಿಕೊಂಡು ಕೊನೆವರೆಗೂ ಉಳಿಯಿತು. ಕ್ರೂರಿ ಭೂತಯ್ಯ ಮರೆತವರಿಗೂ ಆ ಉಪ್ಪಿನಕಾಯಿ ನೆನಪಿದೆ.

ನೋಡುವಾಗ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಆ ಸೀನು ಬಂದಾಗ ಎದ್ದು ಹೋಗಿ ತರುವುದಕ್ಕೆ ಮನಸ್ಸು ಬರುವುದಿಲ್ಲ. ಮಿಡಿಯಾ ಹೋಳಾ ಅಂತ ಅಜ್ಜಿಯನ್ನೇ ಕೇಳು, ನನಗೆ ಹೋಳೇ ಇಷ್ಟ.